ಕೈತಪ್ಪಿದ ವಿಮಾನವನ್ನು ಹುಡುಕುವ ವಿದ್ಯೆ

ಬಂಟ್ವಾಳದಿಂದ ಬೆಳ್ತಂಗಡಿಗೋ ಮೂಡುಬಿದಿರೆಗೋ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿ. ತಗ್ಗಿನಲ್ಲಿ ಒಂದು ಗದ್ದೆಬೈಲು, ಅದರ ಸುತ್ತ ಅಡಿಕೆ ತೋಟ, ತೋಟದ ಬೆನ್ನಿಗೆ ಏರುವ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮುರಕಲ್ಲಿನ ಬೋಳು ಪದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ ಕ್ರಮ. ರೇಡಿಯೋ ನಿಯಂತ್ರಿತ ಮಾದರಿ ವಿಮಾನವನ್ನು ಮೊದಲ ಸಲ ಹಾರಿಸುವವರಿಗೆ ಇದು ಸುಲಭದ ನೆಲವಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ನಿಂತು ವಿಮಾನವನ್ನು ಮೇಲಕ್ಕೆ ಬಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಅದು ಗದ್ದೆಯ ಎಲ್ಲೆ ದಾಟಿ ತೋಟದ ಮೇಲಿರುತ್ತದೆ. ಅಲ್ಲಿ ಇಳಿದರೆ ಅಡಿಕೆಯ ಸೋಗೆಗಳ ನಡುವೆ ಎಲ್ಲಿದೆ ಎಂಬುದೇ ಕಾಣುವುದಿಲ್ಲ.

ಇಂಥ ವಿಮಾನಗಳು ಈಗ ಅಪರೂಪವಲ್ಲ. ಎನ್‌ಸಿಸಿಯ ವಾಯುದಳದ ವಿದ್ಯಾರ್ಥಿಗಳಿಗೆ ಮಾದರಿ ವಿಮಾನ ತಯಾರಿ ತರಬೇತಿಯ ಒಂದು ಭಾಗ. ವಿಮಾನ ತಂತ್ರಜ್ಞಾನ ಕಲಿಸುವ ಎಂಜಿನಿಯರಿಂಗ್ ಕಾಲೇಜು ಮೂಡುಬಿದಿರೆಯ ಪಕ್ಕದಲ್ಲೇ ಇದೆ. ಥರ್ಮೊಕೋಲಿನಂಥ ಹಗುರ ಹಾಳೆ, ಪುಟ್ಟ ವಿದ್ಯುತ್ ಮೋಟಾರು, ಎರಡು ಮೂರು ಸರ್ವೊ ಮೋಟಾರುಗಳು ಇದ್ದರೆ ಶಾಲೆಯ ವಿಜ್ಞಾನ ಸಂಘವೂ ಒಂದನ್ನು ಕಟ್ಟಬಹುದು. ಆದರೆ ತಿಂಗಳುಗಟ್ಟಲೆ ಶ್ರಮಿಸಿ ಕಟ್ಟಿದ್ದು ಮೊದಲ ದಿನವೇ ಕಾಣೆಯಾದರೆ, ಬಹಳಷ್ಟು ವಿದ್ಯಾರ್ಥಿಗಳ ಹವ್ಯಾಸ ಅಂದಿಗೇ ಮುಗಿಯುತ್ತದೆ.

ರೇಡಿಯೋ ನಿಯಂತ್ರಣದ ಇತಿಹಾಸವನ್ನು ಸಾಮಾನ್ಯವಾಗಿ ಹತೋಟಿ ಸಾಧಿಸಿದವರ ಕತೆಯಾಗಿ ಹೇಳುತ್ತಾರೆ. ಹತೋಟಿ ತಪ್ಪಿದಾಗ ಏನಾಗಬೇಕು ಎಂದು ಮೊದಲೇ ಯೋಚಿಸಿದವರ ಕತೆಯಾಗಿಯೂ ಅದನ್ನು ಓದಬಹುದು. ಹೊಸಬರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯ ಓದು.

ಹಾರಿಬಿಟ್ಟ ಮೇಲೆ ಗಾಳಿಯ ಪಾಲು

1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟುಯಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ 21 ವರ್ಷದ ತರುಣ ತನ್ನ ಪುಟ್ಟ ವಿಮಾನವನ್ನು ಜನರೆದುರು ಹಾರಿಸಿದ. ಹುರಿ ಹಾಕಿದ ರಬ್ಬರು ಅದರ ಪ್ರೊಪೆಲ್ಲರನ್ನು ತಿರುಗಿಸುತ್ತಿತ್ತು. 11 ಸೆಕೆಂಡುಗಳಲ್ಲಿ ಅದು ಸುಮಾರು 40 ಮೀಟರು ಹಾರಿತು. ಚಾಲಕನಿಲ್ಲದಿದ್ದರೂ ಓಲಾಡದೆ ತನ್ನ ಸಮತೋಲವನ್ನು ತಾನೇ ಕಾಯ್ದುಕೊಂಡದ್ದು ಅದರ ಹೆಚ್ಚುಗಾರಿಕೆ. ಬಾಲದ ರೆಕ್ಕೆಯನ್ನು ಸರಿಯಾದ ಕೋನದಲ್ಲಿ ಜೋಡಿಸಿ ಪೆನೋ ಇದನ್ನು ಸಾಧಿಸಿದ್ದ.

ಮುಂದೆ ಇಂಥ 'ಸ್ವತಂತ್ರ ಹಾರಾಟ'ದ ಮಾದರಿಗಳು ಸುಧಾರಿಸಿದಂತೆ ವಿಚಿತ್ರ ಸಮಸ್ಯೆಯೊಂದು ತಲೆದೋರಿತು. ಚೆನ್ನಾಗಿ ಹಾರುವ ಮಾದರಿಗಳೇ ಹೆಚ್ಚಾಗಿ ಕಳೆದುಹೋಗತೊಡಗಿದವು! ಕಾರಣ, ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬಗಳು. ಮಧ್ಯಾಹ್ನದ ಹೊತ್ತು ಪದವಿನ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಮೇಲೇರುವುದನ್ನು ನೀವು ನೋಡಿರಬಹುದು. ಬೋಳು ಮುರಕಲ್ಲು ಬೇಗ ಕಾಯುತ್ತದೆ. ಪಕ್ಕದ ತಂಪು ತೋಟದ ಮೇಲಿನ ಗಾಳಿಗಿಂತ ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಹದ್ದನ್ನು ಎತ್ತುವ ಗಾಳಿ ಮಾದರಿ ವಿಮಾನವನ್ನೂ ಎತ್ತುತ್ತದೆ. ಹದ್ದಿಗೆ ಇಳಿಯಲು ಗೊತ್ತು, ಮಾದರಿಗೆ ಗೊತ್ತಿಲ್ಲ.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಸರಳ. ಬಾಲದ ರೆಕ್ಕೆಯನ್ನು ನಿಧಾನ ಉರಿಯುವ ಬತ್ತಿಯೊಂದರ ಮೂಲಕ ಬಿಗಿದಿಟ್ಟರು. ನಿಗದಿತ ಹೊತ್ತಿಗೆ ಬತ್ತಿ ಉರಿದು ಕಟ್ಟು ಕಳಚುತ್ತದೆ, ಬಾಲ ಥಟ್ಟನೆ ಮೇಲಕ್ಕೆ ಬಾಗುತ್ತದೆ, ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ನಿಧಾನವಾಗಿ ಕೆಳಗಿಳಿಯುತ್ತದೆ. ಬತ್ತಿಯ ಬದಲಿಗೆ ಮುಂದೆ ಗಡಿಯಾರದ ಯಂತ್ರ ಬಂತು. ಹಾರಾಟ ಆರಂಭವಾಗುವ ಮುನ್ನವೇ ಅದು ಮುಗಿಯುವ ಬಗೆಯನ್ನು ನಿರ್ಧರಿಸುವ ಪದ್ಧತಿಗೆ ಇದು ಒಳ್ಳೆಯ ಉದಾಹರಣೆ.

ತಂತಿಯಿಲ್ಲದ ಲಗಾಮು

ವಿದ್ಯುತ್ಕಾಂತ ತರಂಗಗಳಿಂದ ದೂರದ ಯಂತ್ರವನ್ನು ಚಾಲೂ ಮಾಡಬಹುದೆಂಬುದನ್ನು ತೋರಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಮೊದಲಿಗರ ಸಾಲಿನಲ್ಲಿದ್ದಾರೆ. 1895ರಲ್ಲಿ ಕೊಲ್ಕತ್ತದ ಟೌನ್‌ಹಾಲಿನಲ್ಲಿ ಅವರು ಗೋಡೆಯಾಚೆಗೆ ತರಂಗಗಳನ್ನು ಹಾಯಿಸಿ ಗಂಟೆ ಬಾರಿಸಿದರು, ಸಿಡಿಮದ್ದನ್ನು ಸಿಡಿಸಿದರು. ಮೂರು ವರ್ಷಗಳ ಬಳಿಕ, 1898ರಲ್ಲಿ, ನಿಕೊಲ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೋ ಸಂಕೇತಗಳಿಂದ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದರು. ಅದೇ ವರ್ಷದ ನವೆಂಬರ್ 8ರಂದು ಅವರಿಗೆ ಪೇಟೆಂಟ್ ದೊರೆಯಿತು.

ದೋಣಿಗೆ ಸಂಕೇತ ತಪ್ಪಿದರೆ ಅದು ನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ವಿಮಾನಕ್ಕೆ ಆ ಸೌಕರ್ಯವಿಲ್ಲ. ಬ್ರಿಟನ್ನಿನಲ್ಲಿ 1935ರಲ್ಲಿ ಹಾರಿದ 'ಕ್ವೀನ್ ಬೀ' ಎಂಬ ಪೂರ್ಣಗಾತ್ರದ ಚಾಲಕರಹಿತ ವಿಮಾನ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿತ್ತು. ನೆಲದಲ್ಲಿದ್ದ ಚಾಲಕ ಟೆಲಿಫೋನಿನದರಂಥ ಡಯಲ್ ತಿರುಗಿಸಿ ಅದಕ್ಕೆ ಆಜ್ಞೆ ಕೊಡುತ್ತಿದ್ದ. ಅದಕ್ಕೆ ನೀರಿನ ಮೇಲೆ ಇಳಿಯಬಲ್ಲ ತೇಲುಗಳನ್ನು ಜೋಡಿಸಬಹುದಿತ್ತು. ಗುಂಡಿಗೆ ಬಲಿಯಾಗದೆ ಉಳಿದರೆ ಇಳಿಸಿಕೊಂಡು ಮತ್ತೆ ಬಳಸುತ್ತಿದ್ದರು. ಗುರಿಯ ವಿಮಾನವನ್ನೂ ಮರಳಿ ಪಡೆಯಬೇಕೆಂಬ ಈ ಲೆಕ್ಕಾಚಾರ ಮುಂದೆ ನಮ್ಮ ನಾಡಿಗೂ ಬಂತು.

ಗುಡ್ ಸೋದರರ 'ಗಫ್'

ಹವ್ಯಾಸಿಗಳ ಲೋಕದಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಅಮೆರಿಕದ ಮಿಶಿಗನ್ ರಾಜ್ಯದ ಕಾಲಮಜೂ ಊರಿನ ಅವಳಿ ಸೋದರರು, ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. 1937ರಲ್ಲಿ ಅವರು ಹಾರಿಸಿದ 'ಗಫ್' ವಿಮಾನದ ರೆಕ್ಕೆಯ ಹರವು ಸುಮಾರು 2.4 ಮೀ. 1939, 1940 ಮತ್ತು 1947ರ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದು ಮೊದಲ ಸ್ಥಾನ ಪಡೆಯಿತು. 1960ರಲ್ಲಿ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು.

ಆ ಕಾಲದ ರೇಡಿಯೋ ಒಂದೇ ಒಂದು ಮಾತು ಹೇಳಬಲ್ಲದಾಗಿತ್ತು: ಸಂಕೇತ ಇದೆ ಅಥವಾ ಇಲ್ಲ. ಸಂಕೇತ ಬಂದಾಗ ವಿದ್ಯುತ್ಕಾಂತವೊಂದು ಕೊಂಡಿ ಬಿಡಿಸುತ್ತಿತ್ತು. ಹುರಿ ಹಾಕಿದ ರಬ್ಬರಿನ ಬಲದಿಂದ ಒಂದು ಚಕ್ರ ಕಾಲು ಸುತ್ತು ತಿರುಗಿ ಚುಕ್ಕಾಣಿಯನ್ನು ಸರಿಸುತ್ತಿತ್ತು. ಬಲ, ನೇರ, ಎಡ, ನೇರ ಎಂಬ ಕ್ರಮ ಬದಲಾಗುವಂತಿರಲಿಲ್ಲ. ಚಾಲಕ ತಾನು ಕೊಟ್ಟ ಕೊನೆಯ ಆಜ್ಞೆಯನ್ನು ನೆನಪಿಡಬೇಕಿತ್ತು. ನಡುವೆ ಒಂದು ಸಂಕೇತ ತಪ್ಪಿದರೂ ಎಡಕ್ಕೆ ಎಂದುಕೊಂಡದ್ದು ಬಲಕ್ಕೆ ಆಗುತ್ತಿತ್ತು.

ಆದರೂ ಇಂಥ ವಿಮಾನಗಳು ಉಳಿದುಕೊಳ್ಳುತ್ತಿದ್ದವು. ಅವು ಮೂಲತಃ ಸ್ವತಂತ್ರ ಹಾರಾಟದ ಮಾದರಿಗಳೇ. ಚಾಲಕ ಏನೂ ಮಾಡದಿದ್ದರೂ ನೆಟ್ಟಗೆ ಹಾರಬಲ್ಲವು. ಪೆನೋನ ಸಮತೋಲದ ಮೇಲೆ ರೇಡಿಯೋ ಬರೀ ಸಲಹೆಗಾರನಂತೆ ಕೆಲಸ ಮಾಡುತ್ತಿತ್ತು. ಮೊದಲ ವಿಮಾನ ಆರಿಸುವಾಗ ಇದನ್ನು ನೆನಪಿಡಿ. ರೆಕ್ಕೆಗಳು ತುದಿಯತ್ತ ತುಸು ಮೇಲಕ್ಕೆ ಬಾಗಿರುವ, ಕಡ್ಡಿ ಬಿಟ್ಟರೆ ತಾನೇ ನೆಟ್ಟಗಾಗುವ ವಿಮಾನವೇ ಹೊಸಬರಿಗೆ ಸರಿ. ಯುದ್ಧವಿಮಾನದ ಅಂದದ ಮಾದರಿಗೆ ಈ ಗುಣ ಇರುವುದಿಲ್ಲ.

ಒಂದೇ ಆವೃತ್ತಿ, ಇಬ್ಬರು ಚಾಲಕರು

1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳ ಜತೆಗೆ 'ಅನುಪಾತ ನಿಯಂತ್ರಣ' ಬಂತು. ಕಡ್ಡಿಯನ್ನು ಎಷ್ಟು ಸರಿಸಿದರೆ ಚುಕ್ಕಾಣಿಯೂ ಅಷ್ಟೇ ಸರಿಯುತ್ತದೆ. ಪ್ರತಿ ಸರ್ವೊಗೂ ಸುಮಾರು 1ರಿಂದ 2 ಮಿಲಿಸೆಕೆಂಡಿನ ಒಂದು ಸ್ಪಂದ ಹೋಗುತ್ತದೆ. ಸ್ಪಂದದ ಅವಧಿಯೇ ಚುಕ್ಕಾಣಿಯ ಸ್ಥಾನ. ಸೆಕೆಂಡಿಗೆ ಸುಮಾರು 50 ಸಲ ಈ ಸಂದೇಶ ಮರುಕಳಿಸುತ್ತದೆ.

ಆದರೆ ಹೊಸ ಅಪಾಯವೂ ಬಂತು. 27 ಅಥವಾ 72 ಮೆಗಾಹರ್ಟ್ಸ್ ಸುತ್ತಿನ ಆವೃತ್ತಿಗಳಲ್ಲಿ ಇಬ್ಬರು ಒಂದೇ ಚಾನೆಲ್ ಬಳಸಿದರೆ ಎರಡೂ ಸಂದೇಶಗಳು ಕಲಸಿಹೋಗಿ ವಿಮಾನ ನೆಲಕ್ಕಪ್ಪಳಿಸುತ್ತಿತ್ತು. ಅದಕ್ಕೇ ಮೈದಾನಗಳಲ್ಲಿ ಒಂದು ಹಲಗೆ, ಚಾನೆಲ್‌ಗೊಂದು ಗುರುತಿನ ಕ್ಲಿಪ್. ಕ್ಲಿಪ್ ಕೈಯಲ್ಲಿದ್ದವರು ಮಾತ್ರ ಪ್ರೇಷಕವನ್ನು ಚಾಲೂ ಮಾಡಬೇಕು. ಇಲೆಕ್ಟ್ರಾನಿಕ್ಸ್ ಬಿಡಿಸಲಾರದ ತೊಡಕನ್ನು ಶಿಸ್ತು ಬಿಡಿಸಿತು. ಮುಂದೆ ಸಂದೇಶವನ್ನು ಅಂಕಿಗಳಾಗಿ ಕಳುಹಿಸುವ ಸೆಟ್ಟುಗಳು ಬಂದಾಗ ಗ್ರಾಹಕಕ್ಕೆ ಕೆಟ್ಟ ಸಂದೇಶವನ್ನು ಗುರುತಿಸುವ ಶಕ್ತಿ ಬಂತು. ಸಂದೇಶ ತಪ್ಪಾಗಿದ್ದರೆ ಅದನ್ನು ಬಿಟ್ಟುಬಿಡು, ಹೆಚ್ಚು ಹೊತ್ತು ತಪ್ಪುತ್ತಿದ್ದರೆ ಮೊದಲೇ ಹೇಳಿಕೊಟ್ಟ ಸ್ಥಾನಕ್ಕೆ ಚುಕ್ಕಾಣಿಗಳನ್ನು ಒಯ್ದು ನಿಲ್ಲು. ಇದೇ 'ಫೇಲ್‌ಸೇಫ್'. ಹಳೆಯ ಬತ್ತಿಯ ಉಪಾಯ ಅಂಕಿಯ ರೂಪದಲ್ಲಿ ಮರಳಿತ್ತು.

ಚಾನೆಲ್ ಜಗಳಕ್ಕೆ ಪರಿಹಾರ ದೊರೆತದ್ದು 2.4 ಗಿಗಾಹರ್ಟ್ಸ್‌ನಲ್ಲಿ. ಮಾದರಿ ವಿಮಾನಗಳಿಗೆ ಇದನ್ನು ಜನಪ್ರಿಯಗೊಳಿಸಿದ ಮೊದಲ ಸೆಟ್ಟುಗಳಲ್ಲೊಂದು 2005ರಲ್ಲಿ ಬಂದ ಸ್ಪೆಕ್ಟ್ರಮ್ ಡಿಎಕ್ಸ್6. ಭಾರತ ಸರ್ಕಾರ ಈ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಮುಕ್ತ ಮಾಡಿದ್ದೂ 2005ರ ಜನವರಿಯಲ್ಲಿ. ಸಂದೇಶವನ್ನು ಅಗಲವಾದ ಪಟ್ಟಿಯಲ್ಲಿ ಹರಡುವುದು ಅಥವಾ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಜಿಗಿಸುತ್ತ ಕಳುಹಿಸುವುದು ಇದರ ತತ್ತ್ವ. ಜಿಗಿತದ ವಿಧಾನಕ್ಕೆ 1942ರಲ್ಲೇ ಪೇಟೆಂಟ್ ಪಡೆದವರು ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಅವರ ಗಮನ ಇದ್ದದ್ದು ಟಾರ್ಪೀಡೊಗಳ ಮೇಲೆ. ಈಗಿನ ಗ್ರಾಹಕ ತನ್ನ ಪ್ರೇಷಕದ ಗುರುತನ್ನು ನೆನಪಿಟ್ಟುಕೊಂಡು ಅದರ ಮಾತನ್ನಷ್ಟೇ ಕೇಳುತ್ತದೆ.

ಇದಕ್ಕೊಂದು ಬೆಲೆಯೂ ಇದೆ. 27 ಮೆಗಾಹರ್ಟ್ಸ್‌ನ ತರಂಗದೂರ ಸುಮಾರು 11 ಮೀ, 2.4 ಗಿಗಾಹರ್ಟ್ಸ್‌ನದು ಬರೀ 12.5 ಸೆಂ.ಮೀ. ಅಡ್ಡ ಬಂದ ಮರವನ್ನು ಬಳಸಿಕೊಂಡು ಹೋಗುವ ಗುಣ ಎರಡನೆಯದಕ್ಕೆ ಕಡಿಮೆ, ನೀರು ತುಂಬಿದ ಎಲೆಗಳಲ್ಲಿ ಅದರ ಶಕ್ತಿ ಹೆಚ್ಚು ಕುಂದುತ್ತದೆ. ಬಯಲಿನಲ್ಲಿ ಒಂದು ಕಿ.ಮೀ. ತಲುಪುವ ಸಂಕೇತ ಅಡಿಕೆ ತೋಟದ ಹಿಂದೆ ಅಷ್ಟು ದೂರ ತಲುಪುವುದಿಲ್ಲ.

ಬೆಂಗಳೂರಿನ 'ಲಕ್ಷ್ಯ'

ಕರ್ನಾಟಕದಲ್ಲಿ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಂದರೆ ಎಡಿಇಯಲ್ಲಿ. ಅಲ್ಲಿ ರೂಪುಗೊಂಡ 'ಲಕ್ಷ್ಯ' ಎಂಬ ಚಾಲಕರಹಿತ ಗುರಿವಿಮಾನ 1985ರಲ್ಲಿ ಮೊದಲು ಹಾರಿತು. ಅದಕ್ಕೆ ಎಚ್‌ಎಎಲ್ ತಯಾರಿಸಿದ ಪುಟ್ಟ ಜೆಟ್ ಎಂಜಿನ್. ತನ್ನ ಹಿಂದೆ ಉದ್ದದ ಹಗ್ಗಕ್ಕೆ ಕಟ್ಟಿದ ಗುರಿಯನ್ನು ಎಳೆದೊಯ್ಯುವುದು ಅದರ ಕೆಲಸ. ರಾಕೆಟ್ಟಿನ ಒತ್ತಿನಿಂದ ನೆಗೆದು ಕೆಲಸ ಮುಗಿದ ಮೇಲೆ ಪ್ಯಾರಾಶೂಟ್ ಬಿಚ್ಚಿ ನೆಲಕ್ಕೋ ಸಮುದ್ರಕ್ಕೋ ಇಳಿಯುತ್ತದೆ. ನೆಲಕ್ಕಿಳಿದಾಗ ನಜ್ಜುಗುಜ್ಜಾಗಲೆಂದೇ ಮೂತಿಯ ಭಾಗವನ್ನು ರೂಪಿಸಲಾಗಿದೆ. ಅದು ಜಜ್ಜಿ ಉಳಿದದ್ದನ್ನು ಕಾಪಾಡುತ್ತದೆ. ಮರಳಿ ಪಡೆಯುವುದು ವಿನ್ಯಾಸದ ಮೊದಲ ಪುಟದಲ್ಲೇ ಇತ್ತು.

ಅದೇ ಸಂಸ್ಥೆಯ 'ನಿಶಾಂತ್'ಗೂ ಗಾಲಿಗಳಿರಲಿಲ್ಲ. ಉಡಾವಣಾ ವಾಹನದಿಂದ ಚಿಮ್ಮಿ, ಪ್ಯಾರಾಶೂಟ್ ಮತ್ತು ಗಾಳಿಚೀಲಗಳ ಮೇಲೆ ಇಳಿಯುತ್ತಿತ್ತು. ಸೇನೆಗೆ ಬಂದ ನಾಲ್ಕೂ ಅಪಘಾತಕ್ಕೀಡಾದ ಮೇಲೆ, 2015ರಲ್ಲಿ ಆ ಯೋಜನೆ ಮುಗಿಯಿತು. ಚಿತ್ರದುರ್ಗ ಜಿಲ್ಲೆಯಲ್ಲಿ ಪರೀಕ್ಷಾ ಹಾರಾಟದಲ್ಲಿದ್ದ ಚಾಲಕರಹಿತ ವಿಮಾನಗಳು 2019ರ ಸೆಪ್ಟೆಂಬರಿನಲ್ಲೂ 2023ರ ಆಗಸ್ಟಿನಲ್ಲೂ ಹೊಲಗಳಿಗೆ ಬಿದ್ದವು. ನುರಿತ ತಂತ್ರಜ್ಞರ ವಿಮಾನಗಳೂ ಬೀಳುತ್ತವೆ. ಆದ್ದರಿಂದ ನಿಮ್ಮ ವಿದ್ಯಾರ್ಥಿಯ ವಿಮಾನ ತೋಟಕ್ಕೆ ಬಿದ್ದರೆ ಅದು ನಾಚಿಕೆಯ ಸಂಗತಿಯಲ್ಲ. ಬಿದ್ದ ಜಾಗವೇ ಗೊತ್ತಾಗದಿರುವುದನ್ನು ಮಾತ್ರ ತಪ್ಪಿಸಿಕೊಳ್ಳಬಹುದು.

ಮರಳಿ ಪಡೆಯುವ ಏರ್ಪಾಡು ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಮೇನಾರ್ಡ್ ಹಿಲ್ ಸಾಕ್ಷಿ. 77 ವರ್ಷದ, ದೃಷ್ಟಿ ಬಹುಪಾಲು ಮಂಕಾಗಿದ್ದ ಈ ಅಮೆರಿಕನ್ ಹವ್ಯಾಸಿ ಮತ್ತು ಅವರ ಗೆಳೆಯರು ಕಟ್ಟಿದ, 5 ಕಿ.ಗ್ರಾಂ.ಗೂ ಕಡಿಮೆ ತೂಕದ ಮಾದರಿ 2003ರ ಆಗಸ್ಟ್ 9ರಂದು ಕೆನಡದ ನ್ಯೂಫೌಂಡ್‌ಲೆಂಡ್‌ನಿಂದ ಹೊರಟು 38 ಗಂಟೆ 52 ನಿಮಿಷಗಳಲ್ಲಿ ಸುಮಾರು 3,030 ಕಿ.ಮೀ. ಹಾರಿ ಐರ್ಲೆಂಡಿನ ಕಡಲತೀರದಲ್ಲಿ ಇಳಿಯಿತು. ರೇಡಿಯೋ ಕಡ್ಡಿ ಕೆಲಸಕ್ಕೆ ಬಂದದ್ದು ಏರುವಾಗ ಮತ್ತು ಇಳಿಯುವಾಗ ಮಾತ್ರ. ನಡುವಿನ ದಾರಿಯನ್ನು ಜಿಪಿಎಸ್ ನೋಡಿಕೊಂಡಿತು. ಅದಕ್ಕೂ ಮೊದಲಿನ ಪ್ರಯತ್ನಗಳು ವಿಫಲವಾಗಿದ್ದವು.

ಹೊಸಬರ ವಿಮಾನ ತಪ್ಪುವುದು ಎಲ್ಲಿ?

ಹೊಸಬರ ವಿಮಾನ ಕಾಣೆಯಾದಾಗ ಎಲ್ಲರೂ ರೇಡಿಯೋವನ್ನು ದೂರುತ್ತಾರೆ. ಹೆಚ್ಚಿನ ಸಲ ಮೊದಲು ಸೋಲುವುದು ಕಣ್ಣು. ಲೆಕ್ಕ ಹಾಕಿ ನೋಡಿ. ನಮ್ಮ ಕಣ್ಣಿನ ಪೃಥಕ್ಕರಣ ಶಕ್ತಿ ಸುಮಾರು 1 ಕೋನ ನಿಮಿಷ. ಒಂದು ಮೀಟರು ಹರವಿನ ರೆಕ್ಕೆ 300 ಮೀ. ದೂರದಲ್ಲಿ ಸುಮಾರು 11 ನಿಮಿಷದ ಕೋನ ಮಾಡುತ್ತದೆ, 18 ಸೆಂ.ಮೀ. ಅಗಲ ಬರೀ 2 ನಿಮಿಷ. ಅಂದರೆ ವಿಮಾನ ಒಂದು ಸಣ್ಣ ಗೆರೆಯಂತೆ ಕಾಣುತ್ತದೆ. ಅದು ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯುವುದಿಲ್ಲ. ನಮ್ಮತ್ತ ಬರುವಾಗ ಎಡಬಲಗಳು ಅದಲುಬದಲು. ತಪ್ಪು ತಿಳಿದ ಚಾಲಕ ಕಡ್ಡಿಯನ್ನು ತಪ್ಪು ಕಡೆಗೆ ತಳ್ಳುತ್ತಾನೆ. ಸೆಕೆಂಡಿಗೆ 12 ಮೀ. ಹಾರುವ ವಿಮಾನಕ್ಕೆ 300 ಮೀ. ದಾಟಲು 25 ಸೆಕೆಂಡು ಸಾಕು. ಮಧ್ಯಾಹ್ನದ ಮೇಲೆ ಪಡುವಣದಿಂದ ಬೀಸುವ ಕಡಲಗಾಳಿ ಬೆನ್ನಿಗಿದ್ದರೆ ಇನ್ನೂ ಬೇಗ.

ಹಾಗಾಗಿ ಗಾಳಿ ಮಂದವಾಗಿರುವ ಮುಂಜಾನೆಯೇ ಕಲಿಕೆಯ ಹೊತ್ತು. ಗಾಳಿ ಬರುವ ದಿಕ್ಕಿಗೇ ಮುಖ ಮಾಡಿ ನಿಂತು, ವಿಮಾನವನ್ನು ಸದಾ ನಿಮ್ಮೆದುರಿನಲ್ಲೇ, ಗಾಳಿಯ ಮೇಲ್ಕಡೆಗೇ ಇಟ್ಟುಕೊಳ್ಳಿ.

ನೂರು ಎಕರೆಯಿಂದ ಎಪ್ಪತ್ತು ಸೆಂಟ್ಸಿಗೆ

ಈಗ 60 ಮೀ. ಎತ್ತರದಲ್ಲಿ ಹತೋಟಿ ತಪ್ಪಿತೆಂದು ಭಾವಿಸಿ. ಮೋಟಾರು ನಿಂತ ವಿಮಾನ ಒಂದು ಮೀಟರು ಇಳಿಯುವಷ್ಟರಲ್ಲಿ 6 ಮೀ. ಮುಂದೆ ಹೋಗುತ್ತದೆ ಎಂದಿಟ್ಟುಕೊಂಡರೆ ಅದು ತಲುಪುವುದು 360 ಮೀ. ದಿಕ್ಕು ಗೊತ್ತಿಲ್ಲದಿದ್ದರೆ ಹುಡುಕಬೇಕಾದದ್ದು 360 ಮೀ. ತ್ರಿಜ್ಯದ ವೃತ್ತ, ಅಂದರೆ ಸುಮಾರು 100 ಎಕರೆ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರ ಹೊಂದಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವ 2.7 ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ನೂರು ಎಕರೆಗೆ 55,000 ಮರ!

ಫೇಲ್‌ಸೇಫ್‌ನಲ್ಲಿ 'ಮೋಟಾರು ನಿಲ್ಲಿಸು, ಚುಕ್ಕಾಣಿಯನ್ನು ತುಸು ಒಂದು ಕಡೆಗೆ ತಿರುಗಿಸು' ಎಂದು ಹೇಳಿಟ್ಟಿದ್ದರೆ ವಿಮಾನ ಸುತ್ತು ಹಾಕುತ್ತ ಇಳಿಯುತ್ತದೆ. ಸೆಕೆಂಡಿಗೆ 10 ಮೀ. ವೇಗದಲ್ಲಿ ಇಳಿಯಲು 36 ಸೆಕೆಂಡು. ಸೆಕೆಂಡಿಗೆ 4 ಮೀ. ಗಾಳಿ ಅದನ್ನು ಸುಮಾರು 144 ಮೀ. ಒಯ್ಯುತ್ತದೆ. ಗಾಳಿಯ ದಿಕ್ಕಿನಲ್ಲಿ 144 ಮೀ. ಆಚೆ, 50 ಮೀ. ತ್ರಿಜ್ಯದ ವೃತ್ತದಲ್ಲಿ ಹುಡುಕಿದರೆ ಸಾಕು. ಅದು ಎರಡೇ ಎಕರೆ.

ಫೇಲ್‌ಸೇಫ್ ಇಲ್ಲದಿದ್ದರೂ ದಾರಿ ಇದೆ. ವಿಮಾನ ಮರೆಯಾದ ಕೂಡಲೇ ಆ ಕಡೆಗೆ ಓಡಬೇಡಿ. ನಿಂತಲ್ಲೇ ನಿಂತು, ಅದು ಯಾವ ಮರದ ಹಿಂದೆ ಮರೆಯಾಯಿತೋ ಆ ಮರವನ್ನು ಗುರುತಿಸಿ. ನಿಂತ ಜಾಗದಲ್ಲಿ ಒಂದು ಕೋಲು ನೆಡಿ. ದಿಕ್ಸೂಚಿಯಿಂದ ಕೋನ ಬರೆದುಕೊಳ್ಳಿ. 5 ಡಿಗ್ರಿ ಆಚೀಚೆ ಆದರೂ ನೂರು ಎಕರೆ ಮೂರು ಎಕರೆಗೆ ಇಳಿಯುತ್ತದೆ. ಬೇರೆ ಜಾಗದಲ್ಲಿ ನಿಂತ ಸಹಪಾಠಿಯೂ ತನ್ನ ಗೆರೆ ಎಳೆದು, ಎರಡೂ ಗೆರೆಗಳು ಸುಮಾರು 300 ಮೀ. ದೂರದಲ್ಲಿ ಲಂಬವಾಗಿ ಕೂಡಿದರೆ, ಉಳಿಯುವುದು ಸುಮಾರು 70 ಸೆಂಟ್ಸ್. ಹಾರಿಸುವವರ ಜತೆ ಇನ್ನೊಬ್ಬರು, ತುಸು ದೂರದಲ್ಲಿ, ನೋಡಲೆಂದೇ ನಿಂತಿರಬೇಕು. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದು?

ಕೊನೆಯ ಹತ್ತು ಮೀಟರು

ಆ ಜಾಗ ತಲುಪಿದ ಮೇಲೆ ಕಿವಿಗೆ ಕೆಲಸ. ಪ್ರೇಷಕವನ್ನು ಆರಿಸದೆ ಚುಕ್ಕಾಣಿ ಕಡ್ಡಿಯನ್ನು ಮಾತ್ರ ಆಡಿಸಿ, ಮೋಟಾರಿನ ಕಡ್ಡಿ ಸೊನ್ನೆಯಲ್ಲೇ ಇರಲಿ. ಸರ್ವೊಗಳ ಗುರುಗುಟ್ಟುವಿಕೆ ಕೇಳಿಸಬಹುದು. ಸಂಕೇತ ನಿಂತಾಗ ಕೂಗುವ ಪುಟ್ಟ ಬಜರ್ ಇದ್ದರೆ ಇನ್ನೂ ಒಳ್ಳೆಯದು. ಸಂಜೆಯ ಜೀರುಂಡೆಗಳಿಗೆ ಮೊದಲೇ ಹುಡುಕಿ.

ಸಿಕ್ಕಿತೆಂಬ ಸಂತೋಷದಲ್ಲೇ ದೊಡ್ಡ ಅಪಾಯ ಇರುತ್ತದೆ. ವಿಮಾನ ಅಡಿಕೆಯ ಕೊಬೆಯಲ್ಲಿ ಸಿಕ್ಕಿಕೊಂಡಿದ್ದರೆ ಅಡಿಕೆ ಕೊಯ್ಯುವ ದೋಟಿಯಿಂದ ಬಿಡಿಸಬಹುದು. ಆದರೆ ಹತ್ತಿರ ವಿದ್ಯುತ್ ತಂತಿ ಇದ್ದರೆ ದೋಟಿಯನ್ನು ಮುಟ್ಟಲೇಬೇಡಿ. ಅಲ್ಯೂಮಿನಿಯಂ ಮಾತ್ರವಲ್ಲ, ಹೊಸದಾಗಿ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ವಾಹಕವೇ. ತಂತಿಯಲ್ಲಿ ಸಿಕ್ಕ ವಿಮಾನವನ್ನು ಮೆಸ್ಕಾಂ ಸಿಬ್ಬಂದಿಯೇ ಇಳಿಸಲಿ. ಉಬ್ಬಿದ ಅಥವಾ ಜಜ್ಜಿದ ಲಿಥಿಯಂ ಬ್ಯಾಟರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಬೇಸಗೆಯಲ್ಲಿ ಮುಳಿಹುಲ್ಲಿನ ಗುಡ್ಡಕ್ಕೆ ಅಷ್ಟು ಸಾಕು. ಬೆಳ್ತಂಗಡಿಯ ಮೂಡಣ ಅಂಚಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿದೆ. ಆ ಕಡೆಗೆ ಹಾರಿಸುವುದೂ ಅನುಮತಿಯಿಲ್ಲದೆ ಒಳಹೊಕ್ಕು ಹುಡುಕುವುದೂ ಸಲ್ಲ.

ನಿಯಮಗಳನ್ನೂ ತಿಳಿದಿರಿ. 2021ರ ಡ್ರೋನ್ ನಿಯಮಗಳು ಶಿಕ್ಷಣ, ಮನರಂಜನೆಗಳಿಗಾಗಿ ಕಣ್ಣಳತೆಯಲ್ಲೇ ಹಾರಿಸುವ, 25 ಕಿ.ಗ್ರಾಂ. ಮೀರದ ಮಾದರಿಗಳನ್ನು ಪ್ರತ್ಯೇಕವಾಗಿ ಗುರುತಿಸಿವೆ. ಹಸಿರು ವಲಯದಲ್ಲಿ 120 ಮೀ. ಎತ್ತರದ ಮಿತಿ, ವಿಮಾನನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ನಡುವೆ ಅದು 60 ಮೀ.; 8 ಕಿ.ಮೀ. ಒಳಗೆ ಹಸಿರು ವಲಯವೇ ಇಲ್ಲ. ಬಂಟ್ವಾಳ, ಮೂಡುಬಿದಿರೆಗಳ ಪಡುವಣ ಭಾಗ ಬಜ್ಪೆ ವಿಮಾನನಿಲ್ದಾಣದತ್ತ ಚಾಚಿರುವುದರಿಂದ ಹಾರಿಸುವ ಮೊದಲು ವಲಯದ ನಕ್ಷೆ ನೋಡುವುದು ಅಗತ್ಯ.

ಇನ್ನೊಂದು ಏರ್ಪಾಡು ಎಲ್ಲಕ್ಕಿಂತ ಹಳೆಯದು, ಖರ್ಚೂ ಇಲ್ಲ. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರದಿಂದ ಹಾರುವ ಬಲೂನುಗಳ ಉಪಕರಣಗಳು ಉತ್ತರ ಕರ್ನಾಟಕದ ಹೊಲಗಳಲ್ಲೂ ಇಳಿಯುವುದುಂಟು. ಸಿಕ್ಕವರು ಮುಟ್ಟದೆ ತಿಳಿಸಬೇಕೆಂಬ ಕೋರಿಕೆ, ವಿಳಾಸ ಅವುಗಳ ಮೇಲೆ ಇರುತ್ತದೆ. ಉಪಗ್ರಹ, ರೇಡಿಯೋಗಳಿದ್ದರೂ ವಿಜ್ಞಾನಿಗಳು ಹಳ್ಳಿಯವರ ಕಣ್ಣನ್ನು ನಂಬುತ್ತಾರೆ. ನಿಮ್ಮ ವಿದ್ಯಾರ್ಥಿಗಳ ವಿಮಾನದ ಮೇಲೂ ಶಾಲೆಯ ಹೆಸರು, ಫೋನ್ ನಂಬರು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಸುತ್ತಲಿನ ತೋಟದ ಯಜಮಾನರಿಗೆ ಹಾರಿಸುವ ಮುನ್ನವೇ ಹೇಳಿ, ಒಪ್ಪಿಗೆ ಪಡೆಯಿರಿ. ಅಡಿಕೆ ಹೆಕ್ಕುವಾಗಲೋ ನೀರು ಬಿಡುವಾಗಲೋ ವಿಮಾನ ಅವರ ಕಣ್ಣಿಗೆ ಬಿದ್ದರೆ, ಯಾರಿಗೆ ತಿಳಿಸಬೇಕೆಂದು ಅವರಿಗೆ ಗೊತ್ತಿರುತ್ತದೆ.